ಶಿವಮೊಗ್ಗದ ಪಿನ್‌ಕೋಡ್ ಅವಿಭಾಜ್ಯವೇ? ಓದುಗರ ಪ್ರಶ್ನೆ, ಗಣಿತದ ಉತ್ತರ

ನಿಮ್ಮ ಊರಿನ ಪಿನ್‌ಕೋಡನ್ನು ಅಪವರ್ತಿಸಿ ನೋಡಿ, ತೊಡಕಾದರೆ ಬರೆದು ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಮಲೆನಾಡಿನಿಂದ ಬಂದ ಪತ್ರಗಳು ಒಂದಕ್ಕೊಂದು ಹೊಂದಿಕೊಂಡಿದ್ದುದರಿಂದ ಈ ಬಾರಿ ಅವುಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ; ಉಳಿದ ಉತ್ತರಗಳು ಬಹುಮಟ್ಟಿಗೆ ಅದನ್ನೇ ಆಧರಿಸಿವೆ.

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳಿಗೆ ಶಿವಮೊಗ್ಗದ ಪಿನ್‌ಕೋಡ್ 577201 ಅವಿಭಾಜ್ಯ ಸಂಖ್ಯೆಯೇ ಎಂದು ಕಂಡುಹಿಡಿಯಲು ಹೇಳಿದೆ. 2, 3, 5 ಮತ್ತು 11ರ ಭಾಜ್ಯತೆಯ ನಿಯಮಗಳಿಗೆ ಅದು ಸಿಕ್ಕಲಿಲ್ಲ. 7ರಿಂದಲೂ 13ರಿಂದಲೂ ಭಾಗಿಸಿದರು, ಶೇಷ ಉಳಿಯಿತು. ಹೆಚ್ಚಿನ ಮಕ್ಕಳು ಅಲ್ಲಿಗೇ ಅವಿಭಾಜ್ಯವೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ನಿರ್ಣಯಿಸುವ ಕ್ರಮವೇನು? ಈ ಸಂಖ್ಯೆ ಇನ್ನು ಯಾವ ವರ್ಗಗಳಿಗೆ ಸೇರುತ್ತದೆ?
(ಗಣಿತ ಶಿಕ್ಷಕಿ, ದುರ್ಗಿಗುಡಿ, ಶಿವಮೊಗ್ಗ)

ಉತ್ತರ: ಅವಿಭಾಜ್ಯವಲ್ಲ. 577201 = 17 × 19 × 1787. ನಿಮ್ಮ ವಿದ್ಯಾರ್ಥಿಗಳು 13ರಲ್ಲಿ ನಿಲ್ಲಿಸಿದರು; ಅದರ ಮುಂದಿನ ಅವಿಭಾಜ್ಯ ಸಂಖ್ಯೆಯೇ 17, ಅದರ ಮುಂದಿನದು 19. ಇನ್ನೊಂದೇ ಒಂದು ಭಾಗಾಕಾರ ಮಾಡಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು. ಆದರೆ ಅವರ ತೀರ್ಮಾನದಲ್ಲಿದ್ದ ದೋಷ ಒಂದು ಹೆಜ್ಜೆ ಕಡಿಮೆ ಇಟ್ಟದ್ದಲ್ಲ, ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಟದ್ದು.

ಆ ಎಲ್ಲೆಯನ್ನು ವರ್ಗಮೂಲ ಗೊತ್ತುಮಾಡುತ್ತದೆ. ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಚಿಕ್ಕದೊಂದು ವರ್ಗಮೂಲದೊಳಗೇ ಇರಬೇಕು. 759ರ ವರ್ಗ 5,76,081, 760ರ ವರ್ಗ 5,77,600. ಆದ್ದರಿಂದ 577201ರ ವರ್ಗಮೂಲ ಈ ಎರಡರ ನಡುವೆ ಇದೆ, ಮತ್ತು ನಾವು 757ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಅಂಥವು ಒಟ್ಟು 134 ಇವೆ. ಅಷ್ಟರಲ್ಲಿ ಒಂದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಮಾತ್ರ ಸಂಖ್ಯೆ ಅವಿಭಾಜ್ಯವೆಂದು ಹೇಳುವ ಹಕ್ಕು ನಮಗೆ ಬರುತ್ತದೆ. ಆರು ಭಾಗಾಕಾರಗಳ ಬಲದಿಂದ ಅದನ್ನು ಹೇಳಲಾಗದು.

134 ಎಂದರೆ ತರಗತಿಯಲ್ಲಿ ಯಾರಿಗಾದರೂ ಬೇಸರ ಬರುವಷ್ಟು ಕೆಲಸವೇ ಸರಿ, ಆದರೆ ಅದನ್ನು ಹಗುರ ಮಾಡಿಕೊಳ್ಳುವ ದಾರಿಗಳಿವೆ. ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳ ಎರಡು ತುಂಡುಗಳಾಗಿ ಒಡೆದು ಅವುಗಳ ವ್ಯತ್ಯಾಸ ತೆಗೆದರೆ 7, 11, 13 ಮೂರಕ್ಕೂ ಒಂದೇ ಪರೀಕ್ಷೆ ಸಾಕಾಗುತ್ತದೆ, ಏಕೆಂದರೆ 7 × 11 × 13 = 1001. ಇಲ್ಲಿ 577 − 201 = 376. ಈ 376 ಎಂಬುದು 8 × 47. ಅದರಲ್ಲಿ 7, 11, 13 ಯಾವುದೂ ಇಲ್ಲ, ಆದ್ದರಿಂದ 577201ರಲ್ಲಿಯೂ ಇಲ್ಲ. ಮುಂದಿನ 17ಕ್ಕೆ ಉದ್ದ ಭಾಗಾಕಾರವೇ ಬೇಕಾಗಿಲ್ಲ. 17 × 34,000 = 5,78,000; ಅದು ನಮ್ಮ ಸಂಖ್ಯೆಗಿಂತ 799 ಹೆಚ್ಚು; 799 ಎಂದರೆ 17 × 47. ಹಾಗಾಗಿ 577201 = 17 × (34,000 − 47) = 17 × 33,953. ಇದೇ ಜಾಡಿನಲ್ಲಿ 33,953 ಎಂದರೆ 34,200 − 247, ಮತ್ತು 34,200 = 19 × 1800, 247 = 19 × 13; ಉಳಿದದ್ದು 1787. ಈಗ 1787ರ ವರ್ಗಮೂಲ 43ಕ್ಕಿಂತ ಕಡಿಮೆ ಇರುವುದರಿಂದ 41ರವರೆಗಿನ ಹದಿಮೂರು ಅವಿಭಾಜ್ಯಗಳಿಂದ ಪರೀಕ್ಷಿಸಿದರೆ ಮುಗಿಯಿತು. ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಮೇಲಿನ ಸುತ್ತಿನ ಸಂಖ್ಯೆಯೊಂದನ್ನು ಹಿಡಿದು ವ್ಯತ್ಯಾಸವನ್ನು ಭಾಗಿಸುವ ಈ ಉಪಾಯವನ್ನು ಮಕ್ಕಳಿಗೆ ಉದ್ದ ಭಾಗಾಕಾರಕ್ಕಿಂತ ಮೊದಲೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ವರ್ಗೀಕರಣ. 577201 ಒಂದು ಬೆಸ ಸಂಖ್ಯೆ, ಸಂಯುಕ್ತ ಸಂಖ್ಯೆ, ಮತ್ತು ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಯಾವ ಅವಿಭಾಜ್ಯವೂ ಎರಡು ಬಾರಿ ಬಂದಿಲ್ಲವಾದ್ದರಿಂದ 1ನ್ನು ಬಿಟ್ಟು ಬೇರೆ ಯಾವ ಪೂರ್ಣವರ್ಗವೂ ಇದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. ಇದರ ಭಾಜಕಗಳು ಎಂಟು: 1, 17, 19, 323, 1787, 30,379, 33,953 ಮತ್ತು 577201. ಸಂಖ್ಯೆಯನ್ನೇ ಬಿಟ್ಟು ಉಳಿದ ಏಳನ್ನು ಕೂಡಿದರೆ 66,479 ಮಾತ್ರ ಬರುತ್ತದೆ. ಭಾಜಕಗಳ ಮೊತ್ತ ಸಂಖ್ಯೆಗೆ ಸಮನಾದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28 ಇದ್ದಂತೆ. ಹೆಚ್ಚಾದರೆ ಸಮೃದ್ಧ, ಕಡಿಮೆಯಾದರೆ ನ್ಯೂನ. ನಮ್ಮದು ನ್ಯೂನ, ಅದೂ ಬಹಳ ದೊಡ್ಡ ಅಂತರದಿಂದ. ಆದರೆ ಒಂದೇ ಒಂದು ಹೆಜ್ಜೆ ಹಿಂದಿರುವ 577200ನ್ನು ನೋಡಿ. ಅದು 2ರ ನಾಲ್ಕನೆಯ ಘಾತ, 3, 5ರ ವರ್ಗ, 13 ಮತ್ತು 37ರ ಗುಣಲಬ್ಧ. ಅದಕ್ಕೆ 120 ಭಾಜಕಗಳಿದ್ದು, ಅದನ್ನು ಬಿಟ್ಟು ಉಳಿದವುಗಳ ಮೊತ್ತ 14,67,808, ಅಂದರೆ ಸಂಖ್ಯೆಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಕ್ಕಪಕ್ಕದ ಎರಡು ಪೂರ್ಣಸಂಖ್ಯೆಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನ ಇರುವುದಿಲ್ಲ; ಗುಣಗಳೂ ಹೀಗೆ ತದ್ವಿರುದ್ಧವಾಗಿರಬಹುದು.

ವರ್ಗಗಳ ಸಂಬಂಧವನ್ನು ನೋಡಿದರೆ ಸಂಗತಿ ಇನ್ನಷ್ಟು ಸ್ವಾರಸ್ಯಕರವಾಗಿದೆ. ಬೆಸ ಸಂಖ್ಯೆಯ ಪ್ರತಿಯೊಂದು ಅಪವರ್ತನ ಜೋಡಿಯೂ ಅದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವ ಒಂದು ದಾರಿಯನ್ನು ಕೊಡುತ್ತದೆ: ಜೋಡಿಯ ಮೊತ್ತದ ಅರ್ಧವೂ ವ್ಯತ್ಯಾಸದ ಅರ್ಧವೂ ಆ ಎರಡು ವರ್ಗಗಳ ಮೂಲಗಳು. 577201ಕ್ಕೆ ನಾಲ್ಕು ಜೋಡಿಗಳಿರುವುದರಿಂದ ದಾರಿಗಳೂ ನಾಲ್ಕು. 323 × 1787 ಎಂಬ ಜೋಡಿಯಿಂದ 1055² − 732² ಬರುತ್ತದೆ, ಅಂದರೆ 11,13,025 − 5,35,824. ಉಳಿದ ಮೂರನ್ನು ಮಕ್ಕಳಿಗೆ ಬಿಡುತ್ತೇನೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ಇದನ್ನೇ ತಿರುಗಿಸಿ ಅಪವರ್ತನ ಹುಡುಕುವ ವಿಧಾನವನ್ನಾಗಿ ಮಾಡಿದರು: 760ರಿಂದ ಆರಂಭಿಸಿ ಒಂದೊಂದೇ ಏರುತ್ತಾ ಪ್ರತಿಯೊಂದರ ವರ್ಗದಿಂದ 577201ನ್ನು ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡುವುದು. ಅಪವರ್ತನಗಳು ಒಂದಕ್ಕೊಂದು ಸಮೀಪವಿದ್ದಾಗ ಈ ವಿಧಾನ ಕ್ಷಣದಲ್ಲಿ ಫಲ ಕೊಡುತ್ತದೆ. ನಮ್ಮ ಸಂಖ್ಯೆಯಲ್ಲಿ ಅವು ಸಮೀಪವಿಲ್ಲ; 1055ನ್ನು ತಲುಪಲು 296 ಬಾರಿ ಪ್ರಯತ್ನಿಸಬೇಕು. ಇಲ್ಲಿ ಸಾದಾ ಭಾಗಾಕಾರವೇ ಮೇಲು.

ಎರಡು ವರ್ಗಗಳ ಮೊತ್ತವಾಗಿ ಮಾತ್ರ 577201ನ್ನು ಬರೆಯಲು ಆಗುವುದೇ ಇಲ್ಲ. 4ರಿಂದ ಭಾಗಿಸಿದಾಗ 3 ಶೇಷ ಉಳಿಸುವ ಅವಿಭಾಜ್ಯವೊಂದು ಬೆಸ ಬಾರಿ ಅಪವರ್ತನವಾಗಿ ಬಂದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಲಾರದು ಎಂಬುದು ಸಾಧಿತವಾದ ಪ್ರಮೇಯ. 19 ಅಂಥದ್ದು, 1787 ಕೂಡ ಅಂಥದ್ದೇ. ಸಂಖ್ಯೆಯನ್ನು ಹಾಗೆಯೇ 4ರಿಂದ ಭಾಗಿಸಿದರೆ 1 ಉಳಿಯುವುದರಿಂದ ಮೇಲ್ನೋಟಕ್ಕೆ ಆಸೆ ಹುಟ್ಟುತ್ತದೆ. ಒಳಗಿನ ಎರಡು ಅಪವರ್ತನಗಳು ಸೇರಿ ಆ ಆಸೆಯನ್ನು ಸುಳ್ಳು ಮಾಡುತ್ತವೆ. ಮೂರು ವರ್ಗಗಳಾದರೆ ಅಡ್ಡಿಯಿಲ್ಲ: 758² + 51² + 6² = 577201.

ಇಲ್ಲಿ ಒಂದು ವಿವೇಚನೆಯನ್ನು ಸೇರಿಸಬೇಕು, ಏಕೆಂದರೆ ಮುಂದಿನ ಉತ್ತರಗಳಿಗೆ ಅದು ಬೇಕಾಗುತ್ತದೆ. ಇಲ್ಲಿಯವರೆಗೆ ಹೇಳಿದ ಗುಣಗಳೆಲ್ಲ ಸಂಖ್ಯೆಯ ಸ್ವಂತದವು. ದಶಮಾನ ಪದ್ಧತಿಯನ್ನು ಬಿಟ್ಟು ದ್ವಿಮಾನದಲ್ಲಿ ಬರೆದರೂ, ಹನ್ನೆರಡರ ಆಧಾರದಲ್ಲಿ ಬರೆದರೂ ಅದರ ಅವಿಭಾಜ್ಯ ಅಪವರ್ತನಗಳು ಮೂರೇ, ಅದು ನ್ಯೂನವೇ, ಎರಡು ವರ್ಗಗಳ ಮೊತ್ತವಾಗದೆ ಇರುವುದೂ ನಿಜವೇ. ಅಂಕಿಗಳನ್ನು ಕೂಡಿ, ತಿರುಗಿಸಿ, ಹೊಂದಿಸಿ ಪಡೆಯುವ ಗುಣಗಳು ಹಾಗಲ್ಲ; ಅವು ಸಂಖ್ಯೆ ಉಟ್ಟ ಬಟ್ಟೆಗೆ ಸೇರಿದವು. ವರ್ಗೀಕರಣದ ಪಟ್ಟಿಗಳಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿದೆ, ಮತ್ತು ನನ್ನ ಮಟ್ಟಿಗೆ ಅದು ಸರಿಯಲ್ಲ. ಹಾಗೆಂದು ಬಟ್ಟೆಯ ಸೊಗಸನ್ನು ನೋಡಲೇಬಾರದೆಂದಲ್ಲ. 577201ನ್ನು ದ್ವಿಮಾನದಲ್ಲಿ ಬರೆದರೆ 10001100111010110001 ಎಂದಾಗುತ್ತದೆ. ಇಪ್ಪತ್ತು ಅಂಕಿಗಳಲ್ಲಿ ಹತ್ತು ಒಂದುಗಳು, ಹತ್ತು ಸೊನ್ನೆಗಳು. ದ್ವಿಮಾನದ ಇಪ್ಪತ್ತಂಕಿ ಸಂಖ್ಯೆಗಳಲ್ಲಿ ಈ ಸಮತೂಕ ಆರರಲ್ಲೊಂದಕ್ಕಿಂತ ಸ್ವಲ್ಪ ಹೆಚ್ಚು ಪಾಲಿಗೆ ಇರುತ್ತದೆ, ಆದ್ದರಿಂದ ಅದು ಅದ್ಭುತವೇನಲ್ಲ. ಆದರೂ ಕಂಡಾಗ ನನಗೆ ಸಂತೋಷವಾಯಿತು.

ಪ್ರಶ್ನೆ: ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನು. ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401 ಎಂದು ನೂರು ನೂರರ ಅಂತರದಲ್ಲಿ ಬರುವ ಈ ಸಂಖ್ಯೆಗಳಲ್ಲಿ ಅವಿಭಾಜ್ಯ ಯಾವುದಾದರೂ ಇದೆಯೇ? ಅವುಗಳ ನಡುವೆ ಗಣಿತದ ಸಂಬಂಧವೇನಾದರೂ ಇದೆಯೇ?
(ನಿವೃತ್ತ ನೌಕರರು, ಭದ್ರಾವತಿ)

ಉತ್ತರ: ತಮಗೆ ತಿಳಿದಿರುವಂತೆ ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಮೊದಲ ಅಂಕಿ 5 ನಮ್ಮ ವಲಯವನ್ನೂ, 577 ಎಂಬ ಮೊದಲ ಮೂರಂಕಿ ವಿಂಗಡಣೆಯ ಪ್ರದೇಶವನ್ನೂ ಸೂಚಿಸುತ್ತವೆ. ಸಂಖ್ಯೆಗಳನ್ನು ಹಂಚಿದವರು ಅವುಗಳ ಅಪವರ್ತನಗಳನ್ನು ನೋಡಿ ಹಂಚಿದವರಲ್ಲ. ಹಾಗಿದ್ದೂ ಈ ನಾಲ್ಕರಲ್ಲಿ ಸಿಗುವ ಫಲ ಕುತೂಹಲಕರವಾಗಿದೆ.

577101 = 3 × 7 × 27,481
577201 = 17 × 19 × 1787
577301 = 47 × 71 × 173
577401 = 3 × 11 × 17,497

ಅವಿಭಾಜ್ಯ ಒಂದೂ ಇಲ್ಲ, ಆದರೆ ನಾಲ್ಕೂ ಮೂರು ಭಿನ್ನ ಅವಿಭಾಜ್ಯಗಳ ಗುಣಲಬ್ಧಗಳು. ಆದ್ದರಿಂದ ನಾಲ್ಕಕ್ಕೂ ಎಂಟೆಂಟೇ ಭಾಜಕಗಳು. ನಿಮ್ಮ ಭದ್ರಾವತಿಯದು ಇವುಗಳಲ್ಲಿ ಹೆಚ್ಚು ಚೆಂದವಾಗಿ ಒಡೆಯುವ ಸಂಖ್ಯೆ, ಏಕೆಂದರೆ ಅದರ ಮೂರು ಅಪವರ್ತನಗಳೂ ಕೈಗೆಟುಕುವ ಗಾತ್ರದವು. ಕಂಡುಹಿಡಿಯಲು ಮಾತ್ರ ಅದೇ ಹೆಚ್ಚು ಕಷ್ಟದ್ದು: 47ನ್ನು ತಲುಪುವವರೆಗೆ ಹದಿನಾಲ್ಕು ಅವಿಭಾಜ್ಯಗಳು ವಿಫಲವಾಗುತ್ತವೆ. ಈ ಸಾಲನ್ನು ಒಂದು ಮೆಟ್ಟಿಲು ಹಿಂದಕ್ಕೆ, ದಾವಣಗೆರೆಯ 577001ಕ್ಕೆ ಒಯ್ದರೆ ಸರಪಳಿ ತುಂಡಾಗುತ್ತದೆ. ಅದು 23 × 25,087, ಎರಡೇ ಅವಿಭಾಜ್ಯಗಳ ಗುಣಲಬ್ಧ.

ಇದು ಕಾಕತಾಳೀಯವೇ ಎಂದರೆ ಹೌದು, ಆದರೆ ನಂಬಲಾಗದಷ್ಟು ಅಪರೂಪದ್ದಲ್ಲ. ಹತ್ತು ಲಕ್ಷದೊಳಗಿನ ಸಂಖ್ಯೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು, ಅಂದರೆ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಹೀಗೆ ಮೂರು ಭಿನ್ನ ಅವಿಭಾಜ್ಯಗಳ ಗುಣಲಬ್ಧಗಳಾಗಿವೆ. ನಾಲ್ಕು ಸಂಖ್ಯೆಗಳು ಒಟ್ಟಿಗೆ ಹಾಗಿರುವ ಸಂಭವವನ್ನು ಒರಟಾಗಿ ಆರುನೂರರಲ್ಲೊಂದು ಎನ್ನಬಹುದು; 01ರಲ್ಲಿ ಕೊನೆಗೊಳ್ಳುವ ಸಂಖ್ಯೆಗಳಲ್ಲಿ 2 ಮತ್ತು 5 ಅಪವರ್ತನಗಳಾಗಿ ಬರುವುದೇ ಇಲ್ಲವಾದ್ದರಿಂದ ಈ ಅಂದಾಜು ಸ್ವಲ್ಪ ಆಚೀಚೆಯಾಗುತ್ತದೆ. ಕಾಕತಾಳೀಯವಲ್ಲದ ಸಂಬಂಧವೂ ಒಂದಿದೆ. ಚಿಕ್ಕಮಗಳೂರು ಮತ್ತು ಸಾಗರ ಎರಡರಲ್ಲೂ 3 ಇರುವುದಕ್ಕೆ ಕಾರಣ ಅವುಗಳ ನಡುವಿನ ಅಂತರ 300, ಅದು 3ರ ಅಪವರ್ತ್ಯ; ನಡುವಿನ ಎರಡರಲ್ಲಿ 3 ಇರಲು ಸಾಧ್ಯವೇ ಇಲ್ಲ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೊಂದು ಅವಿಭಾಜ್ಯ. 1, 3, 7, 9ರಲ್ಲಿ ಕೊನೆಗೊಳ್ಳುವವನ್ನು ಮಾತ್ರ ತೆಗೆದುಕೊಂಡರೆ ಸುಮಾರು ಐದಕ್ಕೊಂದು. ಆದ್ದರಿಂದ ನಾಲ್ಕರಲ್ಲಿ ಒಂದೂ ಅವಿಭಾಜ್ಯ ಸಿಗದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ: ಹರ್ಷದ್ ಸಂಖ್ಯೆ, ಸ್ವಯಂಭೂ ಸಂಖ್ಯೆ, ಕಾಪ್ರೇಕರ್ ಪ್ರಕ್ರಿಯೆ ಎಂದು ಓದಿದ್ದೇನೆ. ನಮ್ಮ ಕಡೆಯ ಪಿನ್‌ಕೋಡುಗಳಲ್ಲಿ ಇಂಥ ಗುಣಗಳಿರುವ ಸಂಖ್ಯೆ ಯಾವುದಾದರೂ ಇದೆಯೇ, ಸರ್?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಸಾಗರ)

ಉತ್ತರ: ಇವೆಲ್ಲವೂ ಅಂಕಿಗಳನ್ನು ಅವಲಂಬಿಸಿದ ಗುಣಗಳು ಎಂಬುದನ್ನು ಮೊದಲ ಉತ್ತರದಿಂದ ನೆನಪಿಟ್ಟುಕೊಂಡು ಮುಂದುವರಿಯೋಣ. ನೀವು ಹೆಸರಿಸಿದ ಮೂರೂ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಅವರ ಕೊಡುಗೆ. ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು ವಿಶ್ವವಿದ್ಯಾಲಯದ ಹುದ್ದೆಯಿಲ್ಲದೆ, ಅಂಕಿಗಳ ಆಟವನ್ನು ಜೀವನಪೂರ್ತಿ ಗಂಭೀರವಾಗಿ ಆಡಿದರು.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವುದು ಹರ್ಷದ್ ಸಂಖ್ಯೆ. 577201ರ ಅಂಕಿಗಳ ಮೊತ್ತ 22. ಸಂಖ್ಯೆ ಬೆಸವಾದ್ದರಿಂದ ಪ್ರಶ್ನೆಯೇ ಇಲ್ಲ. ನಿಮ್ಮ ಸಾಗರದ ಮೊತ್ತ 24, ಅದೂ ಅದೇ ಕಾರಣಕ್ಕೆ ಬಿದ್ದುಹೋಗುತ್ತದೆ. ಭದ್ರಾವತಿಯ ಮೊತ್ತ 23, ಭಾಗಿಸಿದರೆ 1 ಉಳಿಯುತ್ತದೆ, ಸ್ವಲ್ಪದರಲ್ಲಿ ತಪ್ಪಿತು. ಚಿಕ್ಕಮಗಳೂರಿನ ಮೊತ್ತ 21, ಅಂದರೆ 3 × 7, ಮತ್ತು ಮೇಲಿನ ಪಟ್ಟಿಯಲ್ಲಿ ಅದರ ಅಪವರ್ತನಗಳಲ್ಲಿ 3 ಮತ್ತು 7 ಎರಡೂ ಇವೆ. ಆದ್ದರಿಂದ 577101 ಹರ್ಷದ್ ಸಂಖ್ಯೆ. ಭದ್ರಾವತಿಗೆ ಬೇರೊಂದು ಸಮಾಧಾನವಿದೆ. ಅಂಕಿಗಳ ವರ್ಗಗಳನ್ನು ಕೂಡಿ, ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡುತ್ತಾ ಹೋದಾಗ 1ನ್ನು ಮುಟ್ಟುವ ಸಂಖ್ಯೆಗಳನ್ನು ಸಂತೋಷದ ಸಂಖ್ಯೆಗಳೆಂದು ಕರೆಯುತ್ತಾರೆ: 577301ರಿಂದ 133, 19, 82, 68, 100, ಕೊನೆಗೆ 1. ಉಳಿದ ಮೂರೂ 4, 16, 37, 58, 89, 145, 42, 20 ಎಂಬ ಸುತ್ತಿನಲ್ಲಿ ಸಿಕ್ಕಿಬೀಳುತ್ತವೆ.

ಯಾವುದೇ ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನು ಕೂಡಿದಾಗ ಹುಟ್ಟದೆ ಇರುವುದು ಸ್ವಯಂಭೂ. 20, 31, 42 ಅಂಥವು. 577201 ಸ್ವಯಂಭೂ ಅಲ್ಲ, ಅದನ್ನು ಹುಟ್ಟಿಸುವ ಸಂಖ್ಯೆ 577172: ಅದರ ಅಂಕಿಗಳ ಮೊತ್ತ 29, ಎರಡನ್ನೂ ಕೂಡಿ ನೋಡಿ. ಬೇರೆ ಯಾವ ಸಂಖ್ಯೆಯಿಂದಲೂ ಅದು ಹುಟ್ಟುವುದಿಲ್ಲ.

ಕಾಪ್ರೇಕರ್ ಪ್ರಕ್ರಿಯೆಯಲ್ಲಿ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಟ್ಟು, ಅದರಿಂದ ಏರಿಕೆಯ ಕ್ರಮದಲ್ಲಿಟ್ಟದ್ದನ್ನು ಕಳೆದು, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಬೇಕು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವ ನಾಲ್ಕಂಕಿ ಸಂಖ್ಯೆಯಾದರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. ಆರಂಕಿಯಲ್ಲಿ ಇಷ್ಟು ಸರಳವಿಲ್ಲ. ಅಲ್ಲಿ ತಮ್ಮಲ್ಲೇ ನಿಲ್ಲುವ ಸಂಖ್ಯೆಗಳು ಎರಡಿವೆ, 549945 ಮತ್ತು 631764. ಅವುಗಳ ಜೊತೆಗೆ ಏಳು ಸಂಖ್ಯೆಗಳ ಒಂದು ಚಕ್ರವೂ ಇದೆ. 577201ನ್ನು ಹಾಕಿ ನೋಡಿದರೆ ಮೊದಲು 775210 − 012577 = 762633, ಆಮೇಲೆ 532665, 429966, 749943, 652644, ಆರನೆಯ ಹೆಜ್ಜೆಗೆ 420876. ಅಲ್ಲಿಂದ 851742, 750843, 840852, 860832, 862632, 642654, ಮತ್ತೆ 420876. ಶಿವಮೊಗ್ಗದ ಸಂಖ್ಯೆ ಸೇರುವುದು ಆ ಚಕ್ರಕ್ಕೆ. ಸಾಗರದ 577401 ಎಲ್ಲಿಗೆ ಹೋಗುತ್ತದೆಂಬುದನ್ನು ನೀವೇ ಮಾಡಿ ನೋಡಿ. ಕಳೆಯುವಾಗ ಮುಂದಿನ ಸೊನ್ನೆಯನ್ನು ಬಿಡಬೇಡಿ, ಆರು ಸ್ಥಾನಗಳೂ ಇರಲೇಬೇಕು.

ಪ್ರಶ್ನೆ: ದೊಡ್ಡ ಸಂಖ್ಯೆಗಳ ಇಂಥ ಗುಣಗಳನ್ನು ನಮ್ಮ ನಾಡಿನ ಹಿಂದಿನವರು ಗಮನಿಸಿದ್ದರೇ?
(ಓದುಗರು, ಹೊಸನಗರ)

ಉತ್ತರ: ಗಮನಿಸಿದ್ದರು, ಮತ್ತು ಅದಕ್ಕೆ ನಿಮ್ಮ ತಾಲ್ಲೂಕಿನ ನಂಟೂ ಇದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಕನ್ನಡ ಅನುವಾದಸಹಿತ ಆವೃತ್ತಿಯೊಂದು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಅವರು ಹೆಸರು ಕೊಡುತ್ತಾರೆ. ಗುಣಾಕಾರದ ಭಾಗದಲ್ಲಿ, ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಉತ್ತರಗಳು ಬರುವಂತೆ ಉದಾಹರಣೆಗಳನ್ನು ಆರಿಸಿ, ಅಂಥ ಸಂಖ್ಯೆಗಳನ್ನು ಕೊರಳ ಆಭರಣವೆಂದು ವರ್ಣಿಸುತ್ತಾರೆ. 139 × 109 = 15151 ಎಂಬುದು ಅವುಗಳಲ್ಲಿ ಚಿಕ್ಕದು. 1,52,207 × 73 ಎಂಟು ಒಂದುಗಳನ್ನು ಕೊಡುತ್ತದೆ. ಇನ್ನೊಂದು, 27994681 × 441 = 12345654321; ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ.

ಈ ಕೊನೆಯದನ್ನು ಒಡೆದು ನೋಡಬೇಕು. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, ಮತ್ತು 21 × 5291 = 1,11,111. ಹಾಗಾಗಿ ಆ ಹಾರ 1,11,111ರ ವರ್ಗ. 1,11,111ರ ಅಪವರ್ತನಗಳು 3, 7, 11, 13, 37. ಮೊದಲ ಉತ್ತರದಲ್ಲಿ ಮಕ್ಕಳಿಗೆ ಹೇಳಿದ 1001ರ ಪರೀಕ್ಷೆ ಇಲ್ಲೇ ಅಡಗಿದೆ, ಏಕೆಂದರೆ 1,11,111 = 111 × 1001. ಬೇರೆ ಆಧಾರದಲ್ಲಿ ಬರೆದರೆ ಆ ಏರಿಳಿತ ಉಳಿಯುತ್ತದೆಂಬ ಭರವಸೆಯಿಲ್ಲ; ಪೂರ್ಣವರ್ಗವಾಗಿರುವುದು ಮಾತ್ರ ಎಲ್ಲೆಡೆಯೂ ಉಳಿಯುತ್ತದೆ. ಕೇವಲ ಅಂದಕ್ಕಾಗಿ 27994681ರಂಥ ಸಂಖ್ಯೆಯನ್ನು ಯಾರೂ ಕುರುಡಾಗಿ ಎಡವಲಾರರು. ಮಹಾವೀರಾಚಾರ್ಯರು ಉತ್ತರದಿಂದ ಹಿಂದಕ್ಕೆ ನಡೆದು, ಅದನ್ನು ಒಡೆದು ಪ್ರಶ್ನೆಯನ್ನು ಕಟ್ಟಿರಬೇಕೆಂದು ನನಗೆ ತೋರುತ್ತದೆ.

ಪ್ರಶ್ನೆ: ನಮ್ಮ 577432 ನಿಮ್ಮ ಸಾಲಿಗೆ ಸೇರುತ್ತದೆಯೇ? ಹತ್ತಂಕಿಯ ಮೊಬೈಲ್ ಸಂಖ್ಯೆ ಅವಿಭಾಜ್ಯವೇ ಎಂದು ಕೈಯಲ್ಲೇ ಲೆಕ್ಕ ಹಾಕಿ ತಿಳಿಯಬಹುದೇ? ಬ್ಯಾಂಕಿನ ವ್ಯವಹಾರಗಳಿಗೆ ಅವಿಭಾಜ್ಯ ಸಂಖ್ಯೆಗಳ ಕಾವಲು ಇದೆ ಎನ್ನುವುದು ನಿಜವೇ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಸೇರುವುದಿಲ್ಲ. 577432 = 8 × 89 × 811; ಇದರಲ್ಲಿ 2 ಮೂರು ಬಾರಿ ಬರುವುದರಿಂದ ಭಾಜಕಗಳು ಹದಿನಾರು. ಇದೂ ನ್ಯೂನ ಸಂಖ್ಯೆಯೇ, ಆದರೆ ಶಿವಮೊಗ್ಗದಷ್ಟು ಅಲ್ಲ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 5,18,768.

ಹತ್ತಂಕಿ ಸಂಖ್ಯೆಯ ವರ್ಗಮೂಲ ಒಂದು ಲಕ್ಷವನ್ನು ಮೀರುವುದಿಲ್ಲ. ಒಂದು ಲಕ್ಷದೊಳಗಿನ ಅವಿಭಾಜ್ಯಗಳು 9592. ದಿನಕ್ಕೆ ನೂರು ಭಾಗಾಕಾರ ಮಾಡಿದರೂ ಮೂರು ತಿಂಗಳು ಮೀರುತ್ತದೆ, ಆದ್ದರಿಂದ ಕೈಲೆಕ್ಕ ಸಾಧ್ಯವಾದರೂ ವಿವೇಕವಲ್ಲ. ಅಂಕಿಗಳು ಇನ್ನೂ ಬಹಳ ಹೆಚ್ಚಿದರೆ ಕಂಪ್ಯೂಟರಿಗೂ ಈ ಭಾಗಾಕಾರದ ದಾರಿ ನಡೆಯುವುದಿಲ್ಲ.

ಅಲ್ಲಿ ಎರಡು ಪ್ರಶ್ನೆಗಳು ಬೇರೆಯಾಗುತ್ತವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂಬುದನ್ನು, ಅಪವರ್ತನಗಳನ್ನು ಹುಡುಕದೆಯೇ ನಿರ್ಣಯಿಸಬಹುದು. ಅವಿಭಾಜ್ಯವಾದ ಬೆಸ ಸಂಖ್ಯೆಯನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು ಎಂದು ಫರ್ಮಾ ಹೇಳಿದ್ದರು. 1 ಬರದಿದ್ದರೆ ಸಂಖ್ಯೆ ಸಂಯುಕ್ತ. 577201 ಈ ಪರೀಕ್ಷೆಯಲ್ಲಿ ಸೋಲುತ್ತದೆ. ಆದರೆ ಕೆಲವು ಸಂಯುಕ್ತ ಸಂಖ್ಯೆಗಳು ಇದನ್ನು ದಾಟಿಬಿಡುತ್ತವೆ, 341 ಅವುಗಳಲ್ಲಿ ಮೊದಲನೆಯದು. ಯಾವ ಸಂಖ್ಯೆಗೂ ತಪ್ಪದೆ, ಅಂಕಿಗಳು ಹೆಚ್ಚಿದಂತೆ ಕೈಮೀರದ ವೇಗದಲ್ಲಿ ಉತ್ತರ ಕೊಡುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಪ್ರಕಟಿಸಿದರು. ಎರಡನೆಯ ಪ್ರಶ್ನೆ, ಸಂಯುಕ್ತವೆಂದು ತಿಳಿದ ಮೇಲೆ ಅದನ್ನು ಒಡೆಯುವುದು. ಇಂದಿನ ಕಂಪ್ಯೂಟರುಗಳಲ್ಲಿ ಇದಕ್ಕೆ ಅಷ್ಟು ಸುಲಭದ ದಾರಿ ಗೊತ್ತಿಲ್ಲ. 250 ಅಂಕಿಗಳ ಒಂದು ಪ್ರಸಿದ್ಧ ಸವಾಲಿನ ಸಂಖ್ಯೆಯನ್ನು ಎರಡು ಅವಿಭಾಜ್ಯಗಳಾಗಿ ಒಡೆಯಲು ಸಾಧ್ಯವಾದದ್ದು 2020ರಲ್ಲಿ, ಅದೂ ಅಪಾರ ಸಂಖ್ಯೆಯ ಕಂಪ್ಯೂಟರುಗಳನ್ನು ದುಡಿಸಿದ ಮೇಲೆ.

ಬ್ಯಾಂಕಿನ ಮಾತು ನಿಂತಿರುವುದು ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಮೇಲೆ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಗೂಢಲಿಪಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿಯೇ ಇಡುತ್ತಾರೆ. ಅಪವರ್ತನಗಳನ್ನು ಮಾತ್ರ ಗುಟ್ಟಾಗಿಡುತ್ತಾರೆ. ಈಗ ವಾಡಿಕೆಯಲ್ಲಿರುವ ಒಂದು ಅಳತೆಯಲ್ಲಿ ಆ ಗುಣಲಬ್ಧ ದ್ವಿಮಾನದ 2048 ಅಂಕಿಗಳದ್ದು, ದಶಮಾನದಲ್ಲಿ 617 ಅಂಕಿಗಳದ್ದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ದಾಖಲೆಯ ಅವಿಭಾಜ್ಯ, ಅಂದರೆ 2ರ 136279841ನೆಯ ಘಾತದಿಂದ 1ನ್ನು ಕಳೆದದ್ದು, 4,10,24,320 ಅಂಕಿಗಳನ್ನು ಹೊಂದಿದೆ. ಕಾವಲಿಗೆ ಮಾತ್ರ ಅದು ಒದಗುವುದಿಲ್ಲ: ಬಳಸಲಾಗದಷ್ಟು ದೊಡ್ಡದು, ಜೊತೆಗೆ ಎಲ್ಲರಿಗೂ ಗೊತ್ತಿರುವಂಥದ್ದು. ಬ್ಯಾಂಕಿಗೆ ಬೇಕಾಗಿರುವುದು ಮುನ್ನೂರು ಚಿಲ್ಲರೆ ಅಂಕಿಗಳ, ಬೇರೆ ಯಾರಿಗೂ ಗೊತ್ತಿಲ್ಲದ ಎರಡು ಅವಿಭಾಜ್ಯಗಳು.